ಅಮ್ಮನ ಬಚ್ಚಲಿಗೆ ಅಡ್ಡ ಬಂದ ಗೋಡೆ

ಅಕ್ಕ, ಬೇಜಾರು ಮಾಡ್ಕೋಬೇಡ, ಮತ್ತೆ ಮೊದಲಿಂದ ಹೇಳ್ತೀನಿ. ಆಗ ಕಳಿಸಿದ ವಾಯ್ಸ್ ಮೆಸೇಜಲ್ಲಿ ಬರೀ ಚರ್ಚಿನ ಗಂಟೆ ಕೇಳಿಸುತ್ತೆ. ರೋಡ್ಸ್ ದ್ವೀಪಕ್ಕೆ ಬಂದಿದೀನಿ, ಅಮ್ಮನ ಮನೇಲಿದೀನಿ. ನೀನು ಮೆಲ್ಬರ್ನ್‌ನಿಂದ ಕಳಿಸಿದ ಮುಲಾಮು ಹಚ್ತಾಳೆ, ಆದ್ರೂ ಮಂಡಿನೋವು ಹಾಗೇ ಇದೆ.

ಅಮ್ಮ ಮೆಟ್ಟಿಲು ಹತ್ತದೆ ಕೆಳಗೇ ಇರಲಿ ಅಂತ ಉಗ್ರಾಣದಲ್ಲಿ ಬಚ್ಚಲು ಕಟ್ಟಿಸೋಕೆ ಅಗೆಸಿದೆ. ಮೊಣಕಾಲುದ್ದ ಅಗೆಯೋ ಅಷ್ಟರಲ್ಲಿ ಹಳೇ ಗೋಡೆ ಸಿಕ್ತು, ಇಲ್ಲಿನ ಕೋಟೆ ಕಟ್ಟಿದ ನೈಟ್ ಯೋಧರಿಗಿಂತ ಸಾವಿರ ವರ್ಷ ಹಳೇದಂತೆ. ಮೇಸ್ತ್ರಿ ಮೆಲ್ಲಗೆ, "ಮಣ್ಣು ಮುಚ್ಚಿಬಿಡೋಣ, ಯಾರಿಗೂ ಹೇಳ್ಬೇಡಿ" ಅಂದ. ಅಷ್ಟು ಹೊತ್ತಿಗೆ ಅಮ್ಮ ಮಹಡಿ ಕಿಟಕೀಲಿ ನಿಂತು ಎದುರುಮನೆ ಕಲ್ಯೋಪಿಗೆ, "ನಿಮ್ಮನೇಲಿ ಇರೋದು ನೈಟ್‌ಗಳ ಕಾಲದ ಕಲ್ಲು ತಾನೇ? ನಮ್ದು ಅದಕ್ಕಿಂತ ಹಳೇದು ಕಣೆ" ಅಂತ ಕೂಗಿ ಹೇಳಿ ಆಗಿತ್ತು. ಮಾರನೇ ದಿನ ಪ್ರಾಚ್ಯವಸ್ತು ಇಲಾಖೆಯವರು ಬಂದು ಕೆಲಸ ನಿಲ್ಲಿಸಿದ್ರು.

ಬಚ್ಚಲು ಆಗದಿದ್ರೆ ಅಮ್ಮನ್ನ ನನ್ನ ಜೊತೆ ಅಥೆನ್ಸ್‌ಗೆ ಕರ್ಕೊಂಡು ಹೋಗೋದು ಅಂತ ನಾವಿಬ್ರೂ ಮಾತಾಡ್ಕೊಂಡಿದ್ವಲ್ಲ, ನಿನ್ನೆ ಅದನ್ನ ಹೇಳೋಣ ಅಂತ ಹೋದೆ. ನೋಡಿದ್ರೆ, ಚಳಿಗಾಲದಿಂದ ಮಹಡಿ ಬಿಟ್ಟು ಇಳಿಯದವಳು ಈಗ ಗೋಡೆ ತೋರಿಸೋಕೆ ಗಳಿಗೆಗೊಂದ್ಸಲ ಕೆಳಗೆ ಬರ್ತಿದಾಳೆ. ಬಂದವರಿಗೆಲ್ಲ ದ್ರಾಕ್ಷಿ ಪಾಕ ಬೇರೆ. ಅಥೆನ್ಸ್ ಮಾತು ನನ್ನ ಬಾಯಿಗೇ ಬರಲಿಲ್ಲ ಅಕ್ಕ. ಮೇಸ್ತ್ರಿ ಹತ್ರ ಮೆಟ್ಟಿಲಿಗೆ ಹಿಡ್ಕೊಳ್ಳೋ ಕಂಬಿ ಹಾಕಿಸ್ತಾ ಇದೀನಿ.

"ತ್ಸಂಬೀಕೋ, ದೀಪ ತಗೊಂಡು ಬಾರೋ. ಕಲ್ಯೋಪಿ ಬಂದಿದಾಳೆ, ಅವಳಿಗೆ ಸರಿಯಾಗಿ ಕಾಣ್ಲಿ."

ಅಮ್ಮ ನನ್ನ ಕೂಗಿದ್ದು ಕೇಳಿಸ್ತಾ? ಆಗ್ಲೇ ಕೆಳಗಿದಾಳೆ. ಇಡ್ತೀನಿ.