ಮೇ ತಿಂಗಳಲ್ಲಿ ನಮ್ಮನ್ನು ಎಣಿಸಿದವರಿಗೆ

ಬಸ್ಸುಗಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಹಂಚಿಕೊಡುವ ಅಧಿಕಾರಿ ಮಾನ್ಯರೇ,

ದಹಿಸರ್ ಪೂರ್ವದ ನಮ್ಮ ಟೇಕಡಿಗೆ, ಅಂದರೆ ನಾವಿರುವ ಗುಡ್ಡಕ್ಕೆ, ಹತ್ತಿ ಬರುತ್ತಿದ್ದ ಸಣ್ಣ ಬಸ್ಸಿನ ಓಡಾಟವನ್ನು ಜೂನ್ ತಿಂಗಳಲ್ಲಿ ಜನ ಕಡಿಮೆ ಎಂದು ಕಡಿತ ಮಾಡಿದಿರಿ. ನವೆಂಬರಿನಲ್ಲಿ ಅದೇ ಬಸ್ಸನ್ನು ಜನ ಜಾಸ್ತಿ ಎಂದು ಪೂರ್ತಿ ನಿಲ್ಲಿಸಿದಿರಿ. ಕಡಿಮೆಯಾದರೂ ಬಸ್ಸಿಲ್ಲ, ಜಾಸ್ತಿಯಾದರೂ ಬಸ್ಸಿಲ್ಲ. ಹಾಗಾದರೆ ನಾವು ಸರಿಯಾಗಿ ಎಷ್ಟು ಜನ ಇರಬೇಕು ಎಂಬುದನ್ನು ತಾವೇ ಅಪ್ಪಣೆ ಕೊಡಿಸಿದರೆ, ಸೊಸೈಟಿಯ ಮೀಟಿಂಗ್ ಕರೆದು ಅಷ್ಟೇ ಜನ ಉಳಿಯುವ ಏರ್ಪಾಡು ಮಾಡಿಬಿಡುತ್ತೇವೆ. ಇದೇ ನನ್ನ ದೂರು. ಮುಂದೆ ಬರುವುದೆಲ್ಲ ಸಾಕ್ಷ್ಯ.

ಈ ಪತ್ರ ಕನ್ನಡದಲ್ಲೇಕೆ ಎಂದು ತಾವು ಹುಬ್ಬೇರಿಸಬಹುದು. ಮರಾಠಿಯಲ್ಲಿ ಬರೆದುಕೊಟ್ಟೆ, ‘ಮುಂದಿನ ಕ್ರಮಕ್ಕೆ ಕಳಿಸಲಾಗಿದೆ’ ಎಂದು ಉತ್ತರ ಬಂತು. ಇಂಗ್ಲಿಷಿನಲ್ಲಿ ಬರೆದೆ, ಅದೇ ಉತ್ತರ ಇಂಗ್ಲಿಷಿನಲ್ಲಿ ಬಂತು. ಆ ಎರಡು ಭಾಷೆಗಳನ್ನು ತಮ್ಮ ಕಚೇರಿಯಲ್ಲಿ ಎಲ್ಲರೂ ಬಲ್ಲರು, ಆದ್ದರಿಂದ ಯಾರೂ ಓದುವುದಿಲ್ಲ. ಕನ್ನಡವಾದರೆ ಓದಿ ಹೇಳುವವರೊಬ್ಬರನ್ನು ಹುಡುಕಬೇಕಾಗುತ್ತದೆ. ಆ ಪುಣ್ಯಾತ್ಮರಾದರೂ ಕೊನೆಯವರೆಗೆ ಓದುತ್ತಾರೆ ಎಂಬ ಆಸೆ ನನ್ನದು. ಅವರಿಗೆ ನನ್ನ ನಮಸ್ಕಾರ.

ನಾನು ಇದೇ ಊರಿನ ಮುನ್ಸಿಪಲ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಯಜಮಾನರು ಸದಾನಂದ, ಬಾಂದ್ರಾದ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದರು. ಹೋಟೆಲು ತುಂಬಿ ಬಾಗಿಲಲ್ಲಿ ಜನ ನಿಂತಿರುವಾಗಲೂ ಯಾರ ಕಾಫಿ ತಣ್ಣಗಾಗಿದೆ ಎಂದು ದೂರದಿಂದಲೇ ಗೊತ್ತುಮಾಡಿಕೊಳ್ಳುತ್ತಿದ್ದ ಮನುಷ್ಯ. ಹೋದ ವರ್ಷ ಅವರಿಗೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ಸ್ಟೇಷನ್ ಹತ್ತಿರದ ಆಸ್ಪತ್ರೆಯಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ. ಅಲ್ಲಿಗೆ ನಮ್ಮನ್ನು ಒಯ್ಯುತ್ತಿದ್ದದ್ದು ತಮ್ಮ ಸಣ್ಣ ಬಸ್ಸು. ಅದರ ಮೆಟ್ಟಿಲು ಎತ್ತರ. ‘ಆ ಮೆಟ್ಟಿಲು ಹತ್ತುವುದೇ ಅರ್ಧ ಚಿಕಿತ್ಸೆ, ಬಿಡಬೇಡಿ’ ಎಂದಿದ್ದರು ಡಾಕ್ಟರು. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಇವರು ಯಾರ ಕೈಯನ್ನೂ ಹಿಡಿಯದೆ, ಕಂಬವೊಂದನ್ನೇ ಹಿಡಿದು ಹತ್ತಿಬಿಟ್ಟರು. ಇಡೀ ಬಸ್ಸು ಚಪ್ಪಾಳೆ ತಟ್ಟಿತು, ಡ್ರೈವರ್ ಹಾರ್ನ್ ಹೊಡೆದ. ಇವರಿಗೆ ನಾಚಿಕೆಯಾಗಿ ಸ್ಟೇಷನ್ ಬರುವ ತನಕ ಕಿಟಕಿಯ ಹೊರಗೇ ನೋಡುತ್ತ ಕುಳಿತರು. ಮನೆಗೆ ಬಂದ ಮೇಲೆ ಮಾತ್ರ, ‘ನೋಡಿದೆಯಾ?’ ಎಂದು ನನ್ನನ್ನು ಮೂರು ಸಲ ಕೇಳಿದರು.

ಈಗ ಮೇ ತಿಂಗಳಿಗೆ ಬರೋಣ. ತಾವು ಜನರನ್ನು ಎಣಿಸಲು ಆರಿಸಿಕೊಂಡ ತಿಂಗಳು ಅದು. ಮಾನ್ಯರೇ, ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಯಾರಿರುತ್ತಾರೆ? ಶಾಲೆಗೆ ರಜೆ ಬಿದ್ದ ಮರುದಿನ ನಮ್ಮ ಟೇಕಡಿಯ ತುಳುವರು ಕೊಂಕಣ ರೈಲು ಹತ್ತಿ ಊರಿಗೆ ಹೋಗುತ್ತಾರೆ, ಬಾಗಲಕೋಟೆಯ ಕಡೆಯವರು ಮದುವೆಗಳಿಗೆ ಹೋಗುತ್ತಾರೆ, ಮರಾಠಿಯವರು ಮಾವು ತಿನ್ನಲು ಕೊಂಕಣಕ್ಕೆ ಹೋಗುತ್ತಾರೆ. ತಮ್ಮ ಕಚೇರಿಯಲ್ಲೂ ಅರ್ಧ ಕುರ್ಚಿಗಳು ಖಾಲಿಯಿರುತ್ತವೆ, ನಾನು ಹೋಗಿ ನೋಡಿದ್ದೇನೆ. ಆದರೆ ಆ ಕುರ್ಚಿಗಳನ್ನು ಯಾರೂ ಎಣಿಸಿ ಕಡಿತ ಮಾಡಲಿಲ್ಲ.

ತಾವು ಕಳಿಸಿದ ಸಜ್ಜನ ಬೆಳಗಿನ ಬಸ್ಸು ಹತ್ತಿದಾಗ ಒಳಗಿದ್ದವರು ನಾವಿಬ್ಬರು, ಕಂಡಕ್ಟರು, ಮತ್ತು ಒಂದು ಹಲಸಿನ ಹಣ್ಣು. ಊರಿಂದ ಬೇಗ ಬಂದ ಯಾರೋ ಸ್ಟೇಷನ್ ಹತ್ತಿರವಿರುವ ತಮ್ಮ ಭಾವನಿಗೆ ತಲುಪಿಸಿ ಎಂದು ಕಂಡಕ್ಟರಿಗೆ ಕೊಟ್ಟಿದ್ದರು. ಅದಕ್ಕೆ ಒಂದು ಇಡೀ ಸೀಟು. ಸಜ್ಜನರು ಬರೆದುಕೊಂಡರು. ‘ಹಣ್ಣನ್ನೂ ಲೆಕ್ಕಕ್ಕೆ ಹಿಡಿದಿರಾ?’ ಎಂದು ಇವರು ಕೇಳಿದರು. ಆತ ನಗಲಿಲ್ಲ. ಆಗಲೇ ನನಗೆ ಅನುಮಾನ ಬಂದಿತ್ತು.

ಜೂನಿನಲ್ಲಿ ಸ್ಟಾಪಿನ ಕಂಬಕ್ಕೆ ‘ಮಾನ್ಸೂನ್ ವೇಳಾಪಟ್ಟಿ’ ಅಂಟಿಸಿದರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಆ ಬೆಳಗಿನದೂ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿಬಿಡುತ್ತದೆ. ಶಾಲೆ ಶುರುವಾಗಿ, ಊರಿಗೆ ಹೋದವರೆಲ್ಲ ತಿರುಗಿ ಬಂದು, ಏರುರಸ್ತೆಯಲ್ಲಿ ನೀರು ಹೊಳೆಯ ಹಾಗೆ ಇಳಿಯುವ ಕಾಲಕ್ಕೆ ಸರಿಯಾಗಿ ಬಸ್ಸು ಕಡಿತ. ಮಳೆಯಲ್ಲಿ ಆಟೋದವರು ನಮ್ಮ ಟೇಕಡಿಯ ಹೆಸರು ಕೇಳಿದರೆ ಸಾಕು, ಮೀಟರಿನ ಕಡೆಗೂ ನೋಡದೆ ಆಕಾಶ ನೋಡುತ್ತಾರೆ.

ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ನಮ್ಮ ಪಕ್ಕದ ಮನೆಯ ಸುಂದ್ರವ್ವ ಜೋಳದ ರೊಟ್ಟಿ ಬಡಿದು ಸ್ಟೇಷನ್ನಿನ ಅಂಗಡಿಗಳಿಗೆ ಕೊಡುವವರು. ಜುಲೈಯಲ್ಲಿ ಒಂದು ದಿನ ರೊಟ್ಟಿಯ ಗಂಟು ಹೊತ್ತು ನಡೆದೇ ಇಳಿಯುವಾಗ ಕಾಲು ಜಾರಿ ಕುಳಿತರು. ಗಂಟು ಬಿಚ್ಚಿ ರೊಟ್ಟಿಗಳು ನೀರಿನ ಜೊತೆ ಹೊರಟವು. ನಾನು ಓಡಿಹೋಗಿ ಎಬ್ಬಿಸಿದೆ. ‘ಪೆಟ್ಟಾಯಿತಾ ಸುಂದ್ರವ್ವ?’

‘ನನಗೇನಾಗೇತ್ರಿ ಟೀಚರ್! ರೊಟ್ಟಿ ನೋಡ್ರಿ, ನನ್ನ ಬಿಟ್ಟು ತಾವಾ ಸ್ಟೇಷನ್‌ಗೆ ಹೊಂಟಾವು’ ಎಂದರು. ನಕ್ಕರು. ಆಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತರು. ಅದು ನಮ್ಮ ಗೋಡೆಗೆ ಕೇಳಿಸುತ್ತದೆ.

ಇವರ ವ್ಯಾಯಾಮ ತಪ್ಪಿತು. ಮೊದಲು ಒಂದು ವಾರ, ಆಮೇಲೆ ಮಳೆಗಾಲವಿಡೀ. ಸಡಿಲವಾಗುತ್ತಿದ್ದ ಕಾಲು ಮತ್ತೆ ಬಿಗಿಯಿತು. ಮನೆಯ ಹೊಸ್ತಿಲು ದಾಟಲೂ ನನ್ನ ಭುಜ ಬೇಕಾಯಿತು. ಚಪ್ಪಾಳೆಯ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ತಮ್ಮ ಕಚೇರಿಗೆ ಬಂದೆ. ತಾವು ‘ಸೈಟ್’ ಮೇಲಿದ್ದಿರಿ. ತಾವು ಯಾವಾಗಲೂ ಸೈಟ್ ಮೇಲಿರುತ್ತೀರಂತೆ. ಆ ಸೈಟು ನಮ್ಮ ಟೇಕಡಿಯಂತೂ ಅಲ್ಲ. ತಮ್ಮ ಸಹಾಯಕರು ಬಹಳ ಮರ್ಯಾದಸ್ಥರು, ಕುರ್ಚಿ ಕೊಟ್ಟು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ‘ದೇಖಿಯೇ ಮೇಡಂ, ಮೇ ಕಾ ಡೇಟಾ. ಗಾಡಿ ಖಾಲಿ.’

‘ಮೇ ಮೇ ಸಬ್ ಗಾಂವ್ ಜಾತಾ ಹೈ’ ಎಂದೆ ನನ್ನ ಕನ್ನಡ ಟೀಚರ್ ಹಿಂದಿಯಲ್ಲಿ.

‘ಡೇಟಾ ಮೇ ಗಾಂವ್ ನಹೀ ಆತಾ ಮೇಡಂ’ ಎಂದರು ಅವರು, ಲೆಕ್ಕದಲ್ಲಿ ಊರು ಬರುವುದಿಲ್ಲ ಅಂತ. ಸ್ವಲ್ಪ ಯೋಚಿಸಿ, ಸಮಾಧಾನ ಹೇಳುವವರಂತೆ ದನಿ ತಗ್ಗಿಸಿದರು: ‘ಸೆಪ್ಟೆಂಬರ್ ಮೇ ಫಿರ್ ಕೌಂಟಿಂಗ್ ಹೈ. ತಬ್ ಆಪ್ ಲೋಗ್ ಬೈಠೋ ನಾ.’ ಆಗ ನೀವೆಲ್ಲ ಬಂದು ಕೂತುಕೊಳ್ಳಿ ಅಂತ.

ಕೂತುಕೊಂಡೆವು, ಮಾನ್ಯರೇ.

ಎರಡನೇ ಮಹಡಿಯ ವಿನೋದಿನಿ ನಮ್ಮ ಭಜನಾ ಮಂಡಳಿಯ ಅಧ್ಯಕ್ಷೆ. ಸುದ್ದಿ ಹೇಳಿದ ಕೂಡಲೇ ಆಕೆ ಸೆರಗು ಸಿಕ್ಕಿಸಿದಳು. ‘ಶೀಲಕ್ಕ, ಎಣಿಸುವ ವಾರ ಭಜನೆ ನಮ್ಮ ಹಾಲ್‌ನಲ್ಲಿ ಬೇಡ. ಬಸ್ಸಿನಲ್ಲೇ ಮಾಡುವ. ತಾಳ ನಾನು ತರ್ತೇನೆ.’ ಆಕೆಯ ಮಗಳು ಯಕ್ಷಿತಾ ಪವಾಯಿಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ, ಮನೆಯಿಂದಲೇ ಮಾಡುವ ಕೆಲಸ. ಅವಳೂ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದಳು. ‘ಆಂಟಿ, ನಂಗೆ ಎಲ್ಲಿ ಬೈಠ್‌ಕೇ ಮಾಡಿದ್ರೂ ಸೇಮ್. ನೆಟ್ ಇರ್ಬೇಕು, ಅಷ್ಟೇ.’

ಎಣಿಕೆಯ ಆ ವಾರ ತಮ್ಮ ಸಣ್ಣ ಬಸ್ಸು ಕಂಡ ವೈಭವವನ್ನು ಹೇಗೆ ಹೇಳಲಿ! ಮುಂದಿನ ಸೀಟುಗಳಲ್ಲಿ ಭಜನೆ, ಹಿಂದಿನ ಸೀಟಿನಲ್ಲಿ ಯಕ್ಷಿತಾಳ ಮೀಟಿಂಗು. ‘ದೇವಸ್ಥಾನದಲ್ಲಿದ್ದೀಯಾ?’ ಎಂದು ಕೇಳಿದ ಅವಳ ಬಾಸು. ‘ನೋ ಸರ್, ಪಬ್ಲಿಕ್ ಟ್ರಾನ್ಸ್‌ಪೋರ್ಟ್’ ಎಂದಳು ಹುಡುಗಿ, ತಾಳದ ನಡುವೆ. ಸುಂದ್ರವ್ವನ ರೊಟ್ಟಿಯೆಲ್ಲ ಬಸ್ಸಿನಲ್ಲೇ ಮಾರಾಟವಾಗಿ, ‘ಸ್ಟೇಷನ್ ತನಕಾ ಹೋಗೂದ ಬ್ಯಾಡಾತ್ರಿ’ ಎಂದು ಅವರು ಅರ್ಧದಲ್ಲೇ ಇಳಿಯಲು ಹೊರಟಿದ್ದರು. ನಾನೇ ಸೆರಗು ಹಿಡಿದು ಕೂರಿಸಿದೆ, ಎಣಿಕೆ ಮುಗಿಯಬೇಕಲ್ಲ.

ಸಂಜೆಯ ಬಸ್ಸು ಮೇಲೆ ಬಂದಾಗ ಇಳಿದು, ಅದೇ ಬಸ್ಸು ಕೆಳಗೆ ಹೊರಟಾಗ ಮತ್ತೆ ಹತ್ತುತ್ತಿದ್ದೆವು, ಮನೆಗೆ ನಡೆದೇ ಬರುತ್ತಿದ್ದೆವು. ಈ ಸಲ ಎಣಿಸಲು ಬಂದವಳು ಚುರುಕು ಕಣ್ಣಿನ ಹುಡುಗಿ. ‘ಆಂಟಿ, ಆಪ್ ಅಭೀ ಉತರೀ ಥೀ ನಾ?’ ಎಂದಳು, ಈಗಷ್ಟೇ ಇಳಿದಿರಲ್ಲ ಅಂತ. ಕೊಡೆ ಮರೆತೆ ಎಂದೆ. ಮರುದಿನ ಕೇಳಿದಾಗ ಕನ್ನಡಕ ಮರೆತೆ ಎಂದೆ. ಮೂರನೆಯ ದಿನ ಅವಳು ಕೇಳಲಿಲ್ಲ, ವಿನೋದಿನಿ ಕೊಟ್ಟ ಗೋಳಿಬಜೆ ತಿನ್ನುತ್ತ ನಮ್ಮನ್ನೆಲ್ಲ ಒಂದೇ ಸಮ ಎಣಿಸಿದಳು. ಅವಳ ಮೇಲೆ ಕ್ರಮ ಕೈಗೊಳ್ಳಬೇಡಿ. ಎಣಿಸಿದ್ದು ತಪ್ಪಲ್ಲ. ಅಷ್ಟು ಜನ ನಿಜವಾಗಿಯೂ ಒಳಗಿದ್ದೆವು, ಒಬ್ಬೊಬ್ಬರೂ ಟಿಕೆಟ್ ಕೊಂಡಿದ್ದೆವು.

ಒಳಗಿಲ್ಲದವರು ಒಬ್ಬರೇ, ನನ್ನ ಯಜಮಾನರು. ಕೊನೆಯ ದಿನ ತಾವೂ ಬರುವುದಾಗಿ ಹಟ ಹಿಡಿದು, ನನ್ನ ಭುಜ ಹಿಡಿದು ಸ್ಟಾಪಿಗೆ ಬಂದರು. ಬಸ್ಸು ನಿಂತಿತು. ಮೆಟ್ಟಿಲ ಮೇಲೂ ಜನ, ಬಾಗಿಲಲ್ಲೂ ಜನ. ಇವರು ಕಾಲಿಡಲು ಬೆರಳಷ್ಟು ಜಾಗವಿಲ್ಲ. ಒಳಗಿಂದ ವಿನೋದಿನಿ ‘ಜಾಗ ಬಿಡಿ, ಜಾಗ ಬಿಡಿ’ ಎಂದು ಕೂಗಿದಳು. ಬಿಡಲು ಇದ್ದರೆ ತಾನೆ? ಬಸ್ಸು ಹೋಯಿತು. ನನಗೆ ಎಲ್ಲಿಲ್ಲದ ಸಂಕಟವಾಯಿತು. ಇವರು ನನ್ನ ಮುಖ ನೋಡಿದರು. ‘ಎಂಥದು ಮಾರಾಯ್ತಿ ಇದು? ನಂಗೋಸ್ಕರ ತುಂಬಿಸಿದ ಬಸ್ಸಾ?’ ಎಂದು ಬಾಯಿಯ ಒಂದೇ ಬದಿಯಿಂದ ನಗಲು ಶುರುಮಾಡಿದರು. ನಿಲ್ಲಿಸಲೇ ಇಲ್ಲ. ಕೊನೆಗೆ ನಾನೂ ನಕ್ಕೆ. ಲಕ್ವ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ನಾವು ಗೆದ್ದೆವೆಂದೇ ತಿಳಿದಿದ್ದೆವು. ನವೆಂಬರಿನಲ್ಲಿ ‘ಚಳಿಗಾಲದ ವೇಳಾಪಟ್ಟಿ’ ಬಂತು. ಮುಂಬಯಿಯ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವುದು. ಅದಕ್ಕೂ ತಾವು ವೇಳಾಪಟ್ಟಿ ಮಾಡಿದ್ದನ್ನು ಮೆಚ್ಚಿದೆ. ಅದರಲ್ಲಿ ಹೀಗಿತ್ತು: ಈ ಮಾರ್ಗದಲ್ಲಿ ವಿಪರೀತ ದಟ್ಟಣೆ ಕಂಡುಬಂದಿದ್ದು, ಸಣ್ಣ ಬಸ್ಸು ಇಷ್ಟು ಜನರನ್ನು ಹೊತ್ತು ಏರುರಸ್ತೆ ಹತ್ತುವುದು ಅಪಾಯ. ಆದ್ದರಿಂದ ಸಣ್ಣ ಬಸ್ಸು ರದ್ದು. ಬದಲಾಗಿ ದೊಡ್ಡ, ಹವಾನಿಯಂತ್ರಿತ ಬಸ್ಸುಗಳು ಬೆಳಗಿನಿಂದ ರಾತ್ರಿಯವರೆಗೆ ಓಡುತ್ತವೆ. ಗುಡ್ಡದ ಬುಡದವರೆಗೆ ಮಾತ್ರ.

ಹೀಗೆ ಗುಡ್ಡದ ಮೇಲೆ ಜನ ಜಾಸ್ತಿ ಎಂದು ತಾವು ಗುಡ್ಡದ ಕೆಳಗೆ ಬಸ್ಸು ಬಿಟ್ಟಿರಿ. ಹಸಿದವನ ಮನೆ ಮೂರನೇ ಮಹಡಿಯಲ್ಲಿದೆ ಎಂದು ಊಟವನ್ನು ಗೇಟಿನಲ್ಲಿಟ್ಟು ಹೋಗುವವರನ್ನು ಏನೆನ್ನಬೇಕು? ಕೆಳಗಿನ ರಸ್ತೆಯವರು ನಮಗೆ ಕೈಮುಗಿಯುತ್ತಿದ್ದಾರೆ, ‘ನಿಮ್ಮ ಭಜನೆಯಿಂದ ನಮಗೆ ಎಸಿ ಬಂತು’ ಎಂದು. ವಿನೋದಿನಿ ಈಗ ಅವರೊಡನೆ ಮಾತಾಡುವುದಿಲ್ಲ.

ಇನ್ನು ಇಂದಿನ ಮಾತು. ಬೆಳಿಗ್ಗೆ ನಾನು ದೋಸೆಗೆ ಅಕ್ಕಿ ತೊಳೆಯುತ್ತಿದ್ದಾಗ ಇವರು ಕೋಲು ಹಿಡಿದು ಬಾಗಿಲು ದಾಟಿದ್ದಾರೆ. ನಾನು ಒದ್ದೆ ಕೈಯಲ್ಲೇ ಓಡಿ ಹಿಡಿದದ್ದು ರಸ್ತೆಯ ಮೊದಲ ತಿರುವಿನಲ್ಲಿ. ‘ಎಲ್ಲಿಗೆ?’ ಎಂದರೆ, ‘ಆಸ್ಪತ್ರೆಗೆ. ನಿನ್ನ ಸಾಹೇಬರು ಮೇಲೆ ಬರುವುದಿಲ್ಲವಲ್ಲ, ನಾನೇ ಕೆಳಗೆ ಹೋಗ್ತೇನೆ’ ಎಂದರು. ಬೈದೆ. ಕೇಳಲಿಲ್ಲ. ಒಂದೊಂದು ಗೇಟಿನ ಮುಂದೂ ನಿಂತು, ಗೋಡೆ ಹಿಡಿದು, ಬೆವರು ಒರೆಸಿಕೊಂಡು ಇಳಿದೇ ಇಳಿದರು. ದಾರಿಯಲ್ಲಿ ಸಿಕ್ಕಿದ ಸುಂದ್ರವ್ವ ರೊಟ್ಟಿಯ ಗಂಟು ತಲೆಯ ಮೇಲಿಟ್ಟುಕೊಂಡೇ ಇವರ ಇನ್ನೊಂದು ಬದಿಗೆ ನಡೆದರು. ಇವರು ಬಿದ್ದರೆ ಹಿಡಿಯಲು, ಆದರೆ ಮುಟ್ಟದೆ.

ಬುಡದಲ್ಲಿ ತಮ್ಮ ದೊಡ್ಡ ಬಸ್ಸು ನಿಂತಿತ್ತು. ಅದಕ್ಕೆ ಮೆಟ್ಟಿಲೇ ಇಲ್ಲ, ಕಾಲು ಒಳಗಿಟ್ಟರೆ ಸಾಕು. ಇವರು ಒಳಗೆ ಹೋಗಿ ತಣ್ಣಗೆ ಕುಳಿತು ರಾಜನ ಹಾಗೆ ಆಸ್ಪತ್ರೆಗೆ ಹೋದರು. ಡಾಕ್ಟರಿಗೆ ಆಶ್ಚರ್ಯ, ನನಗೆ ಕಣ್ಣೀರು. ಮತ್ತೆ ಅದೇ ಬಸ್ಸಿನಲ್ಲಿ ಬುಡಕ್ಕೆ ಬಂದಿಳಿದಿದ್ದೇವೆ. ಮೇಲೆ ಹೋಗುವ ಶಕ್ತಿ ಇವರಲ್ಲಿ ಇಲ್ಲ, ಹೋಗುವ ಮನಸ್ಸು ಯಾವ ಆಟೋಗೂ ಇಲ್ಲ. ಆದ್ದರಿಂದ ಬುಡದ ಚಹಾ ಹೋಟೆಲಿನಲ್ಲಿ ಕುಳಿತು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಂದ ಕಾಗದ ಕೇಳಿ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೇಡಿಕೆ ದೊಡ್ಡದಲ್ಲ. ದೊಡ್ಡ ಬಸ್ಸನ್ನು ಕೆಳಗಿನವರಿಗೆ ಬಿಡಿ, ಅವರೂ ಮನುಷ್ಯರೇ. ಹಳೆಯ ಸಣ್ಣ ಬಸ್ಸನ್ನು ಮೇಲಕ್ಕೆ ಕಳಿಸಿ, ಆಸ್ಪತ್ರೆ ತೆರೆಯುವ, ಶಾಲೆ ಬಿಡುವ ಹೊತ್ತಿಗೆ, ಎಲ್ಲ ಋತುಗಳಲ್ಲಿ. ಎಣಿಸಲೇಬೇಕೆಂದಿದ್ದರೆ ನಮಗೆ ಹೇಳದೆ, ಯಾರೂ ಊರಿಗೆ ಹೋಗದ, ಯಾರೂ ಭಜನೆ ಮಾಡದ ಒಂದು ಸಾದಾ ಬುಧವಾರ ಬಂದು ಎಣಿಸಿ. ತಾವೇ ಬಂದರೆ ಇನ್ನೂ ಸಂತೋಷ. ಬರುವಾಗ ನಡೆದೇ ಹತ್ತಬೇಕಾಗುತ್ತದೆ, ಅದಕ್ಕೆ ಕ್ಷಮೆಯಿರಲಿ.

ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ಇವರು ಎರಡನೇ ಚಹಾ ಕುಡಿಯುತ್ತ ಕೇಳಿದರು. ‘ಎಲ್ಲ ಸರಿ ಉಂಟು. ಆದರೆ ಆ ಎಸಿ ಬಸ್ಸಿಗೆ ಜಾಸ್ತಿ ಬೈಬೇಡ, ಅದು ಒಳ್ಳೇದುಂಟು’ ಎಂದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಗುಡ್ಡದ ಕಡೆ ನೋಡಿದರು. ‘ಇಳಿಯುವುದು ನಾನು ಮಾಡಿ ತೋರಿಸಿದೆ. ಹತ್ತಿಸುವುದು ಅವರ ಕೆಲಸ ಅಂತ ಬರಿ.’

ಬರೆದಿದ್ದೇನೆ.

ಇಂತಿ, ಸದ್ಯಕ್ಕೆ ಕೆಳಗೇ ಉಳಿದಿರುವ,
ಶೀಲಾವತಿ ಟೀಚರ್
(ಮತ್ತು, ಮೂರನೇ ಚಹಾ ಹೇಳಿರುವ ಸದಾನಂದ)