ಮುಳುಗಿದ ಜಾಲಿಮರದ ಜಾಗ

ರವೀಂದ್ರನಗರ, ಶಿವಮೊಗ್ಗ
6 ನವೆಂಬರ್ 2024, ಬುಧವಾರ

ಪ್ರೀತಿಯ ಅಬ್ಬಾ,

ಸಲಾಂ. ನೀವೂ ಅಮ್ಮಿಯೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ, ಬಾಯಿ ಮಾತಿಗಂತೂ ಹಾಗೆ.

ಈ ಕಾಗದ ಹತ್ತು ದಿನ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೂರು ಸಲ ಬರೆದು ಹರಿದಿದ್ದೇನೆ. ಮೊದಲನೆಯದು ಬರೀ ಜಗಳ, ಎರಡನೆಯದು ಬರೀ ಅಳು, ಮೂರನೆಯದು ಸುಮಾರಾಗಿ ಬಂದಿತ್ತು, ಅದರ ಮೇಲೆ ಸೊಹೇಲ್ ಚಹಾ ಚೆಲ್ಲಿದರು. ಇಪ್ಪತ್ತು ಕಿಲೋಮೀಟರ್ ಆಚೆ ಇರುವ ಮಗಳು ಕಾಗದ ಬರೆಯುವುದೇನು ಎಂದು ನೀವು ನಗಬಹುದು. ಫೋನ್ ಮಾಡಿದರೆ ನೀವು "ಹ್ಞಾಂ ಬೇಟಾ, ಚೆನ್ನಾಗಿದೀಯಾ, ಅಮ್ಮಿಗೆ ಕೊಡ್ತೀನಿ ಇರು" ಎಂದು ಐದು ಸೆಕೆಂಡಿಗೆ ದಾಟಿಸಿಬಿಡುತ್ತೀರಿ. ನಾನು ಲೆಕ್ಕದ ಟೀಚರ್, ಸೆಕೆಂಡು ಎಣಿಸಿದ್ದೇನೆ. ಕಾಗದವನ್ನು ಅಮ್ಮಿಗೆ ದಾಟಿಸಲಾಗದು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ನಾವು ಆಡುವ ಮಾತು ಒಂದು, ನೀವು ದಿನಾ ಪೇಪರಿನಲ್ಲಿ ಓದುವ ಭಾಷೆ ಇನ್ನೊಂದು. ಅದಕ್ಕೇ ಪೇಪರ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ಸೊಹೇಲ್ ಭದ್ರಾವತಿಗೆ ಬಂದಾಗ ನಿಮ್ಮ ಗ್ಯಾರೇಜಿನಲ್ಲೇ ಕೊಡುತ್ತಾರೆ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನಿಧಾನ ಓದಿ.

ಅಮ್ಮಿಯ ಕಣ್ಣಿನ ಆಪರೇಷನ್ ಆದ ಮೇಲೆ ನೀರು ಬರುವುದು ನಿಂತಿತೇ? ಡ್ರಾಪ್ಸ್ ಬಿಡಬೇಡಿ ಎಂದು ಹೇಳಿ. ನನ್ನ ಶಾಲೆಯಲ್ಲಿ ದಸರಾ ರಜೆ ಮುಗಿದು ಪಾಠ ಶುರುವಾಗಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯರು ತ್ರಿಭುಜ ಬಿಟ್ಟು ಉಳಿದ ಎಲ್ಲದರಲ್ಲೂ ಹುಷಾರು. ಇಷ್ಟು ಸಮಾಚಾರ. ಇನ್ನು ವಿಷಯಕ್ಕೆ ಬರುತ್ತೇನೆ.

ಅಬ್ಬಾ, ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನಿಮ್ಮ ಚಿಕ್ಕ ದಾಮಾದ್, ತಂಗಿ ಇರಂ ಗಂಡ ಶಹಬಾಜ್ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಹೊಟ್ಟೆಕಿಚ್ಚು.

ಅಕ್ಟೋಬರ್ ಕೊನೆಯ ಭಾನುವಾರ ಮನೆಯ ಗ್ರೂಪಿಗೆ ಅವನು ಒಂದು ವಿಡಿಯೋ ಹಾಕಿದ್ದ. ಟೋಪಿ, ಕಪ್ಪು ಕನ್ನಡಕ, ಕೈಯಲ್ಲಿ ರೀಲು ಗಾಳ. "ಸ್ನೇಹಿತರೇ, ಇವತ್ತು ನಮ್ ಮಾಮು ಜೊತೆ ಜಿಲೇಬಿ ಮೀನು ಬೇಟೆ!" ಎಂದು ನಿಮ್ಮನ್ನು ತೋರಿಸಿ ಕಿರುಚುತ್ತಿದ್ದ. ಕೆರೆಯ ದಂಡೆಯಲ್ಲಿ ಯಾರಾದರೂ ಕಿರುಚುತ್ತಾರೆಯೇ? ನಾನು ಒಂದು ಸಲ ಸೀನಿದ್ದಕ್ಕೆ ನೀವು ಅರ್ಧ ಗಂಟೆ ನನ್ನನ್ನು ಮಾತಾಡಿಸಿರಲಿಲ್ಲ. ಅವನು ಎರೆಹುಳು ಮುಟ್ಟಲು ಕೈಗವಸು ಹಾಕಿಕೊಂಡಿದ್ದ! ಮೀನು ಕಚ್ಚಿ ಗಾಳದ ಬೆಂಡು ಅಡ್ಡ ಮಲಗಿ ಎರಡು ಎಣಿಸುವಷ್ಟು ಹೊತ್ತಾದರೂ ನೋಡುತ್ತಲೇ ನಿಂತಿದ್ದ. ನೀವೇ "ಎಳಿ, ಎಳಿ ಮಾರಾಯ!" ಎಂದಿರಿ. ಮೀನು ಬಂತು, ಅಂಗೈ ಅಗಲದ್ದು. ನೀವು ಅವನ ಬೆನ್ನು ತಟ್ಟಿದಿರಿ. ನಾನು ಅಲ್ಲಿಗೇ ಮೊಬೈಲ್ ಬಂದ್ ಮಾಡಿದೆ.

ಬೆನ್ನು ತಟ್ಟಿದ್ದನ್ನಾದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವನ ಹಿಂದೆ ಕೆರೆಯ ತೂಬಿನ ಕಲ್ಲುಕಂಬ ಕಾಣುತ್ತಿತ್ತು, ಕಂಬದ ನೇರಕ್ಕೆ ಅದರ ಹಿಂದೆ ರೈಸ್ ಮಿಲ್ಲಿನ ಚಿಮಣಿ. ಒಂದರ ಹಿಂದೆ ಒಂದು, ಒಂದಿಂಚೂ ಆಚೀಚೆ ಇಲ್ಲ. ಆ ಎರಡೂ ಒಂದೇ ಗೆರೆಗೆ ಬರುವ ಜಾಗ ಯಾವುದೆಂದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ನಿಮಗೆ ಮತ್ತು ನನಗೆ. ಈಗ ಶಹಬಾಜ್‌ಗೂ ಗೊತ್ತು, ಅವನ ಚಾನೆಲ್ ನೋಡುವ ನಾಲ್ಕು ನೂರು ಜನ ಸ್ನೇಹಿತರಿಗೂ ಗೊತ್ತು.

ನೆನಪಿದೆಯೇ ಆ ಜಾಗ ಸಿಕ್ಕಿದ್ದು? ಹೊಳೆಹೊನ್ನೂರು ದಾರಿಯ ಆ ಕೆರೆ ಆ ವರ್ಷ ಕೋಡಿ ಬಿದ್ದಿತ್ತು. ಮಳೆ ನಿಂತು, ಕೆಂಪು ನೀರು ತಿಳಿಯಾಗುತ್ತಿದ್ದ ಕಾಲ, ಈಗಿನಂತೆಯೇ. ಈ ದಿನಗಳಲ್ಲಿ ಜಿಲೇಬಿ ದಂಡೆಯ ಹುಲ್ಲು ಬಿಟ್ಟು, ಹಳ್ಳ ಬಂದು ಕೆರೆಗೆ ಸೇರುವ ಕಡೆ ಗುಂಪುಗೂಡುತ್ತದೆ ಎಂದು ನೀವು ಹೇಳಿಕೊಟ್ಟಿದ್ದಿರಿ. ಆದರೆ ಹಳ್ಳದ ಬಾಯಿಯಲ್ಲಿ ಎಲ್ಲಿ ಎನ್ನುವುದು ನಿಮಗೂ ಗೊತ್ತಿರಲಿಲ್ಲ. ನನಗಾಗ ಹತ್ತು ವರ್ಷ. ನನ್ನ ಗಾಳ ಯಾವುದಕ್ಕೋ ಸಿಕ್ಕಿಕೊಂಡಿತು. "ದಾರ ಕತ್ತರಿಸು, ಹೋಗ್ಲಿ" ಎಂದಿರಿ. ಹೊಸ ಗಾಳ, ನಾನು ಬಿಡಲಿಲ್ಲ. ಬೈಯುತ್ತಲೇ ನನ್ನ ಸೊಂಟಕ್ಕೆ ಟವೆಲ್ ಕಟ್ಟಿ, ತುದಿ ಹಿಡಿದುಕೊಂಡು ನೀರಿಗೆ ಇಳಿಸಿದಿರಿ. ಎದೆಮಟ್ಟದ ನೀರಲ್ಲಿ ಕಾಲಿಗೆ ಕೊಂಬೆ ಸಿಕ್ಕಿತು. ಯಾವ ಕಾಲದಲ್ಲೋ ಮುಳುಗಿದ ಜಾಲಿಮರ. ಅದರ ಸುತ್ತ ಮೀನುಗಳು ನನ್ನ ಮೊಣಕಾಲಿಗೆ ಮೂತಿ ಇಡುತ್ತಿದ್ದವು. ನಾನು ಕೂಗಲಿಲ್ಲ. ತಿರುಗಿ ನಿಮ್ಮನ್ನು ನೋಡಿ ಕೈಯಲ್ಲಿ ಸನ್ನೆ ಮಾಡಿದೆ, ಇಲ್ಲಿ, ತುಂಬಾ ಇವೆ ಎಂದು. ಆ ದಿನ ನಾವು ಮೂವತ್ತೊಂದು ಮೀನು ತಂದೆವು. ಅಮ್ಮಿ ಹುರಿದು ಹುರಿದು ಸುಸ್ತಾಗಿ ಬೀದಿಗೆಲ್ಲ ಹಂಚಿದರು.

ಆಗ ನನಗೆ ಹೇನು ಹೆಚ್ಚೆಂದು ಅಮ್ಮಿ ಕೂದಲು ಕತ್ತರಿಸಿದ್ದರು. ಚಿಕ್ಕಪ್ಪನ ಮಗನ ಹಳೇ ಚಡ್ಡಿ, ಶರ್ಟು ಹಾಕಿಕೊಂಡು ನಿಮ್ಮ ಟಿವಿಎಸ್ ಹಿಂದೆ ಕೂರುತ್ತಿದ್ದೆ. ಕೆರೆಯ ನೀರುಗಂಟಿ ಶಿವಮೂರ್ತಪ್ಪ ಮೊದಲ ದಿನ "ಯಾರ್ರೀ ಸಾಬ್ರೇ, ಮಗನಾ?" ಎಂದು ಕೇಳಿದಾಗ ನೀವು ಒಂದು ಕ್ಷಣವೂ ತಡಮಾಡದೆ, "ಹೌದು ಸ್ವಾಮಿ, ಅಲಿ ಅಂತ" ಎಂದಿದ್ದಿರಿ. ನನಗೆ ನಗು ತಡೆಯಲಾಗದೆ ಬೆಂಡನ್ನೇ ದಿಟ್ಟಿಸಿದ್ದೆ. ಆಮೇಲೆ ಎರಡು ವರ್ಷ ನಾನು ಏರಿಯ ಮೇಲೆ ಅಲಿ. ಜೇಬಲ್ಲಿ ಕೈ ಇಟ್ಟು ನಿಲ್ಲುವುದನ್ನೂ ಕಲಿತೆ. ಶಿವಮೂರ್ತಪ್ಪ ಸೀಬೆಹಣ್ಣು ತಂದರೆ "ಇದು ಅಲಿ ಸಾಬ್ರಿಗೆ" ಎಂದು ಮೊದಲು ನನಗೇ ಕೊಡುತ್ತಿದ್ದರು. ಎಷ್ಟು ಜಂಬ ಅಂತೀರಿ ನನಗೆ!

ಅಲಿಗೆ ಹನ್ನೆರಡು ತುಂಬಿತು. ಅಮ್ಮಿ ಹೊಸ ದುಪಟ್ಟಾ ತಂದ ವಾರ ಅದು. ಶನಿವಾರ ಸಂಜೆ ನಲ್ಲಿಯ ಬಚ್ಚಲ ಹತ್ತಿರ ಅಗೆದು, ಹಾಲಿನಪುಡಿ ಡಬ್ಬಿ ತುಂಬ ಎರೆಹುಳು ಹಿಡಿದಿಟ್ಟಿದ್ದೆ. ಬೆಳಿಗ್ಗೆ ಫಜರ್ ನಮಾಜು ಮುಗಿಸಿ ನೀವು ಎಬ್ಬಿಸುತ್ತೀರಿ ಎಂದು ಎಚ್ಚರವಾಗೇ ಮಲಗಿದ್ದೆ. ಟಿವಿಎಸ್ ಕಿಕ್ ಹೊಡೆದ ಸದ್ದು ಕೇಳಿತು. ಗೇಟಿಗೆ ಓಡುವಷ್ಟರಲ್ಲಿ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. "ನೀನೀಗ ದೊಡ್ಡವಳಾದೆ. ಅಲ್ಲಿ ಗಂಡಸರು ಕೂತಿರ್ತಾರೆ" ಎಂದರು ಅಮ್ಮಿ. ನೀವು ಏನೂ ಹೇಳಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ನಾನು ಹುಳುಗಳನ್ನು ಮತ್ತೆ ಮಣ್ಣಿಗೇ ಬಿಟ್ಟೆ.

ಈಗ ಅದಕ್ಕೆ ಜಗಳ ತೆಗೆಯುತ್ತಿಲ್ಲ. ಆ ಕಾಲ, ಆ ಜನ, ನಿಮ್ಮ ಕಷ್ಟ ನನಗೆ ಗೊತ್ತು. ಇಪ್ಪತ್ತೆರಡು ವರ್ಷ ನಾನು ಒಂದು ಸಮಾಧಾನ ಇಟ್ಟುಕೊಂಡಿದ್ದೆ. ನನ್ನನ್ನು ಬಿಟ್ಟ ಮೇಲೆ ನೀವು ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಅಮ್ಮಿಯ ಅಣ್ಣತಮ್ಮಂದಿರು ಕೇಳಿದರು, ಗ್ಯಾರೇಜಿನವರು ಕೇಳಿದರು, "ಒಬ್ನೇ ಹೋದ್ರೆ ನನಗೆ ನೆಮ್ಮದಿ" ಎಂದಿರಿ. ನಿಮ್ಮ ಪಕ್ಕದ ಆ ಜಾಗ ನನ್ನದೇ, ಬರಲಾಗದಿದ್ದರೂ ನನ್ನ ಹೆಸರಲ್ಲೇ ಖಾಲಿ ಇದೆ ಎಂದುಕೊಂಡಿದ್ದೆ. ಈಗ ಅಲ್ಲಿ ಶಹಬಾಜ್ ಕೂತಿದ್ದಾನೆ, ಕೈಗವಸು ಹಾಕಿಕೊಂಡು.

ಇನ್ನೊಂದು ಹೇಳಲೇ? ಅವನು ಮೊಬೈಲನ್ನು ಒಂದು ಕೋಲಿಗೆ ಕಟ್ಟಿ ನಿಲ್ಲಿಸಿದ್ದ. ನೀವು ಎದ್ದು ಬಂದು ಸರಿಪಡಿಸುವಾಗ ಆ ಕೋಲಿನ ನೆರಳು ನೆಲದ ಮೇಲೆ ಬಿತ್ತು, ಆಮೇಲೆ ಮೊಬೈಲ್ ವಾಲಿ ಕೋಲೇ ಕಾಣಿಸಿತು. ಗಿಡ್ಡ ಬಿದಿರು, ಹಿಡಿಯ ಹತ್ತಿರ ಕೆಂಪು ದಾರ ಸುತ್ತಿದ್ದು. ಆ ದಾರ ಸುತ್ತಿದವಳು ನಾನು, ಅಮ್ಮಿಯ ಹೊಲಿಗೆ ಡಬ್ಬಿಯಿಂದ ಕದ್ದು. ನನ್ನ ಗಾಳದ ಕೋಲು ಈಗ ಅವನ ಮೊಬೈಲಿಗೆ ಗೂಟ!

ಇರಂ ಅವತ್ತು ಸಂಜೆ ಡಬ್ಬಿ ತುಂಬ ಹುರಿದ ಮೀನು ತಂದಳು. "ಆಪಾ, ಅಬ್ಬಾ ಇವರನ್ನ ಎಷ್ಟು ಹಚ್ಕೊಂಡಿದಾರೆ ಗೊತ್ತಾ? ಮಗ ಇಲ್ದಿದ್ ಕೊರಗು ಹೋಯ್ತು ಅಂತಾರೆ ಅಮ್ಮಿ" ಎಂದಳು. ಪಾಪ, ಅವಳಿಗೇನು ಗೊತ್ತು, ನಾನು ಅಲಿಯಾಗಿದ್ದಾಗ ಅವಳು ತೊಟ್ಟಿಲಲ್ಲಿದ್ದಳು. ಅವಳು ಹೋದ ಮೇಲೆ, ಆ ಮೀನು ಮುಟ್ಟಬಾರದು ಎಂದು ಡಬ್ಬಿ ಮುಚ್ಚಿಟ್ಟೆ. ಆಮೇಲೆ ಒಂದು ತುಂಡು ತಿಂದೆ. ರುಚಿಯಾಗಿತ್ತು. ಅದಕ್ಕೆ ಇನ್ನೂ ಸಿಟ್ಟು ಬಂತು.

ಸೊಹೇಲ್ ನನ್ನ ಮುಖ ನೋಡಿ, "ಅಷ್ಟಕ್ಕೆಲ್ಲ ಯಾಕೆ ಮಾರಾಯ್ತಿ, ಮಾರ್ಕೆಟ್ಟಿಂದ ಎರಡು ಕೆಜಿ ಜಿಲೇಬಿ ತಂದ್ಕೊಡ್ತೀನಿ" ಎಂದರು. ಆಮೇಲೆ ನನಗೆ ಸಮಾಧಾನ ಮಾಡಲು ಸಕ್ರೆಬೈಲಿಗೆ ಕರೆದುಕೊಂಡು ಹೋಗಿ ಆನೆ ತೋರಿಸಿದರು. ತುಂಗೆಯ ನೀರು ಕಂಡು ನನ್ನ ಹೊಟ್ಟೆಕಿಚ್ಚು ಇನ್ನಷ್ಟು ಹೆಚ್ಚಾಯಿತು. ಆನೆಗಳ ತಪ್ಪೇನಿಲ್ಲ.

ಶಹಬಾಜ್ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅಮ್ಮಿಯ ಕಣ್ಣಿನ ಆಪರೇಷನ್ನಿಗೆ ಎರಡು ದಿನ ತನ್ನ ಅಂಗಡಿ ಬಾಗಿಲು ಹಾಕಿ ಆಸ್ಪತ್ರೆಯಲ್ಲಿ ಕೂತವನು ಅವನೇ. ಒಳ್ಳೆಯವನು, ಅದೇ ನನ್ನ ಕಷ್ಟ. ಬೈಯಲು ಕೈಗವಸು ಬಿಟ್ಟರೆ ಬೇರೆ ಏನೂ ಸಿಗುತ್ತಿಲ್ಲ.

ಅದಕ್ಕೇ ಒಂದು ಕೇಳುತ್ತೇನೆ. ಈ ಭಾನುವಾರ ಬೆಳಿಗ್ಗೆ ನಾನು ಬರುತ್ತೇನೆ. ಸೊಹೇಲ್ ಬೈಕಿನಲ್ಲಿ ಬಿಡುತ್ತಾರೆ. ನಿಮ್ಮ ನಮಾಜು ಮುಗಿಯುವ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತೇನೆ, ಹುಳುವಿನ ಡಬ್ಬಿ ನಾನೇ ತರುತ್ತೇನೆ. ಶಹಬಾಜ್ ಬರುವುದಾದರೆ ಬರಲಿ, ಮುಳುಗಿದ ಮರದ ಎಡಕ್ಕೆ ಕೂರಲಿ. ನನ್ನ ಕೋಲು ನನಗೆ ಬೇಕು. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಗಾಳ ಹಾಕುತ್ತೇನೆ, ಏರಿಯ ಮೇಲೆ ಯಾರು ಬೇಕಾದರೂ ಕೂತಿರಲಿ. ಮೂವತ್ತನಾಲ್ಕು ವರ್ಷದ ಟೀಚರನ್ನು ನೋಡುವವರು ನೋಡಿಕೊಳ್ಳಲಿ. ನೀವು ಮಾತ್ರ ನಾನು ಬರುವ ಮೊದಲೇ ಕಿಕ್ ಹೊಡೆದು ಹೋಗಿಬಿಡಬೇಡಿ ಅಬ್ಬಾ.

ಅಮ್ಮಿಗೆ ನನ್ನ ಸಲಾಂ. ಚಳಿ ಶುರುವಾಗಿದೆ, ಮಫ್ಲರ್ ಕಟ್ಟದೆ ಕೆರೆಗೆ ಹೋಗಬೇಡಿ. ಅಲ್ಲಾಹ್ ನಿಮ್ಮ ಕೈಗೂ ಮಂಡಿಗೂ ಬಲ ಕೊಡಲಿ. ನಮಾಜಿನಲ್ಲಿ ನನ್ನ ಹೆಸರು ಮರೆಯಬೇಡಿ.

ನಿಮ್ಮ ದೊಡ್ಡ ಮಗಳು,
ಆಲಿಯಾ

ಮರೆತಿದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ವಿಡಿಯೋ ಅರ್ಧಕ್ಕೆ ಬಂದ್ ಮಾಡಿದ್ದು ಮೊದಲನೇ ಸಲ ಮಾತ್ರ. ಆಮೇಲೆ ಬಾಗಿಲು ಹಾಕಿಕೊಂಡು ಎಂಟು ಸಲ ಪೂರ್ತಿ ನೋಡಿದೆ. ಕೊನೆಯಲ್ಲಿ ಶಹಬಾಜ್ ಕೇಳುತ್ತಾನೆ, "ಮಾಮು, ಈ ಜಾಗ ನಿಮಗ್ಯಾರು ತೋರ್ಸಿದ್ದು?" ನೀವು ಬೆಂಡಿನಿಂದ ಕಣ್ಣು ತೆಗೆಯದೆ ಹೇಳುತ್ತೀರಿ, "ಅಲಿ ಅಂತ ಒಬ್ಬ ಹುಡುಗ ಬರ್ತಿದ್ದ ನನ್ ಜೊತೆ. ಅವನೇ ಹುಡುಕಿದ್ದು. ಅವನಂಥ ಕೈ ಆಮೇಲೆ ಯಾರಲ್ಲೂ ನೋಡ್ಲಿಲ್ಲ." ಅವನು, "ಈಗೆಲ್ಲಿದಾನೆ?" ಅನ್ನುತ್ತಾನೆ. ನೀವು "ಹೋಗ್ಬಿಟ್ಟ" ಎನ್ನುತ್ತೀರಿ. ಮುಖ ಆ ಕಡೆ ತಿರುಗಿಸುತ್ತೀರಿ.

ನಿಜ ಹೇಳಲೇ, ಶಹಬಾಜ್ ಮೇಲಿನ ಹೊಟ್ಟೆಕಿಚ್ಚು ಅದನ್ನು ಕೇಳಿದಾಗಲೇ ಆರಿಹೋಗಿತ್ತು. ಈಗ ಉರಿಯುತ್ತಿರುವುದು ಆ ಹುಡುಗನ ಮೇಲೆ. ಅವನನ್ನು ನೆನೆಸಿಕೊಂಡು ನೀವು ಬೆಂಡಿನಿಂದಲೂ ಕಣ್ಣು ತೆಗೆಯುತ್ತೀರಿ, ನನಗೆ ಫೋನಿನಲ್ಲಿ ಐದು ಸೆಕೆಂಡು. ಅವನು ಎಲ್ಲಿಗೂ ಹೋಗಿಲ್ಲ ಅಬ್ಬಾ. ಭಾನುವಾರ ಏರಿಯ ಮೇಲೆ ಯಾರಾದರೂ "ಯಾರ್ರೀ ಸಾಬ್ರೇ?" ಎಂದು ಕೇಳುತ್ತಾರೆ. ಮೀನು ಸಿಗದಿದ್ದರೂ ಪರವಾಗಿಲ್ಲ, ಕೇಳಿದವರಿಗೆ "ನನ್ನ ಮಗಳು" ಅನ್ನಿ.