ಮೋತ್ಯಾಗ ಯಾರೂ ಮದ್ದು ಹಾಕಿದ್ದಿಲ್ಲ

ಯಪ್ಪಾ,

ನಿನ್ನ ಮಗಳು ದುರುಗಿ ಬರ್ಯಾಕತ್ತೀನಿ. ನೀ ಹೋಗಿ ಮೂರು ವರ್ಷಾತು. ನಾ ಈಗ ರಾಯಚೂರಿನ ದನದ ದವಾಖಾನ್ಯಾಗ ಕೆಲಸಕ್ಕಿದೀನಿ. ಕಸ ಹೊಡೀತೀನಿ, ಡಾಕ್ಟರು ಸೂಜಿ ಹಾಕೋವಾಗ ದನ, ನಾಯಿ ಹಿಡೀತೀನಿ. ಹೋದ ತಿಂಗಳು ಅಲ್ಲಿ ಒಂದು ಸಂಗತಿ ನಡೀತು. ನಿನಗ ಹೇಳದ ಇರಾಕ ಆಗವಲ್ದು.

ಎಮರ್ಜೆನ್ಸಿ ವರ್ಷ ಜಾಲಹಳ್ಳ್ಯಾಗ ನಮ್ಮ ನಾಯಿ ಮೋತ್ಯಾ ಬ್ಯಾನಿ ಬಿದ್ದಿದ್ದು ನೆನಪದ ಏನು? ನೀ ರಸ್ತೆ ಗ್ಯಾಂಗಿನ ಕೆಲಸ ಮುಗಿಸಿ ಬರೋದು ಕಂಡ್ರ ಓಡಿ ಬರ್ತಿದ್ದ ನಾಯಿ, ನೀರಿನ ಬಾನಿ ಬಿಟ್ಟು ಕದಲದಂಗಾತು. ಕುಡೀತಿತ್ತು, ಕಾರಿಕೊಳ್ತಿತ್ತು, ಮತ್ತ ಕುಡೀತಿತ್ತು. ಸೊಂಟದ ಬಾಜೂಕ ಬಾವು ಬಂದಿತ್ತು, ಮುಟ್ಟಿದ್ರ ಕುಂಯ್ ಅಂತಿತ್ತು. ಎಂಟು ದಿನಕ್ಕ ಹೋಗೇಬಿಟ್ತು. ಅದಕ್ಕೂ ಮೊದಲ ಒಮ್ಮೆ ಅದು ಬಾಜೂ ಮನಿ ಬಶೀರ್ ಕಾಕಾನ ಮಟನ್ ಅಂಗಡಿಗೆ ಬಾಯಿ ಹಾಕಿತ್ತಲ್ಲ, "ಒಂದಿನ ಈ ನಾಯಿಗೆ ಮದ್ದು ಹಾಕ್ತೀನಿ ನೋಡು" ಅಂತ ಅವ ಸಿಟ್ಟಿಲೆ ಅಂದಿದ್ದ. ನಿನಗ ಅಷ್ಟ ಸಾಕಾತು.

ನೀ ಅವನ ಬಾಗಿಲಿಗೆ ಹೋಗಿ, "ಮೂಕ ಪ್ರಾಣಿಗೆ ವಿಷ ಹಾಕಿದಿ, ನಿನ್ನ ಕೈ ಬಿದ್ದುಹೋಗ್ಲಿ" ಅಂತ ಒದರಿದಿ. ಅವ ಅಳಕೋತ, "ಅಲ್ಲಾನ ಆಣಿ ಹನುಮಣ್ಣ, ನಾ ಹಾಕಿಲ್ಲ" ಅಂದ. ನೀ ಕೇಳಲಿಲ್ಲ. ಒಂದ ಬೀಡಿ ಇಬ್ಬರು ಸೇದ್ತಿದ್ದವರು, ನೀ ಸಾಯೋತನಕ ಮಾತು ಬಿಟ್ರಿ. ನಿನ್ನ ಮಣ್ಣಿನ ದಿನ ಅವ ಓಣಿ ತುದಿಗೆ ಒಬ್ಬನ ನಿಂತಿದ್ದ. ಯಾರೂ ಬಾ ಅನ್ನಲಿಲ್ಲ. ನಾನೂ ಅನ್ನಲಿಲ್ಲ ಯಪ್ಪಾ.

ಹೋದ ತಿಂಗಳು ಮಾನ್ವಿ ಕಡಿ ಹಿರೇಕೊಟ್ನೆಕಲ್ಲಿನ ಈರಮ್ಮ ಅನ್ನೋಕಿ ತನ್ನ ನಾಯಿನ್ನ ಕೌದ್ಯಾಗ ಸುತ್ತಿಕೊಂಡು ಹತ್ತಿ ಲಾರ್ಯಾಗ ಬಂದ್ಲು. "ಯಾರೋ ಮದ್ದು ಹಾಕ್ಯಾರ್ರಿ ಸಾಹೇಬ್ರ" ಅಂದ್ಲು. ನಾ ನಾಯಿ ಹಿಡಿಯಾಕ ಕೈ ಹಾಕಿದೆ. ಮೋತ್ಯಾಗ ಇದ್ದಂಥಾದ್ದ ಬಾವು, ಅದ ಜಾಗ! ಡಾಕ್ಟರು ಒತ್ತಿ ನೋಡಿ, ಉಚ್ಚಿ ತಪಾಸ ಮಾಡಿ, "ಮದ್ದಲ್ಲವ್ವ, ಮೂತ್ರಪಿಂಡ ಕೀವಾಗ್ಯಾದ" ಅಂದ್ರು. ಕೊಯ್ದು ತೆಗದಾಗ ನಾನ ಕಾಲು ಹಿಡಿದಿದ್ದೆ. ದ್ರಾಕ್ಷಿ ಹಣ್ಣಿನಂಥ ನೀರಿನ ಗುಳ್ಳಿ, ನಡುವ ಕೀವಿನ ಚೀಲ. "ಇನ್ನೊಂದು ಚಲೋ ಅದ, ಅದರ ಮ್ಯಾಲ ಬದುಕ್ತದ" ಅಂತ ಹೊಲಿಗಿ ಹಾಕಿದ್ರು.

ಅವರು ಕೈ ತೊಳ್ಯಾಕತ್ತಾಗ ನಾ ಮೋತ್ಯಾನ ಕಥಿ ಹೇಳಿದೆ. "ಕೊಯ್ದು ನೋಡದ ಪೂರಾ ಹೇಳಾಕ ಬರಲ್ಲವ್ವ. ಆದ್ರ ಬಾವು, ಎಂಟು ದಿನದ ನೀರಡಿಕಿ... ಅದಕ್ಕೂ ಇದ ಬ್ಯಾನಿ ಇದ್ದಿರಬೇಕು. ವಿಷ ಅನ್ನಿಸವಲ್ದು" ಅಂದ್ರು. ಎಷ್ಟು ವರ್ಷ ಯಪ್ಪಾ, ಒಬ್ಬ ಮನಷ್ಯಾನ್ನ ನಾವು...

ಮುಂದಿನ ಸೂಟಿಗೆ ದೇವದುರ್ಗದ ಬಸ್ಸು ಹತ್ತಿ ಜಾಲಹಳ್ಳಿಗೆ ಹೋದೆ. ಕಾಕಾ ಕಟ್ಟಿ ಮ್ಯಾಲ ಕುಂತಿದ್ದ, ಹಲ್ಲು ಬಿದ್ದಾವ. ಕಾಲಿಗೆ ಬಿದ್ದು ಎಲ್ಲಾ ಹೇಳಿದೆ. ಮೂತ್ರಪಿಂಡಕ್ಕ ಅವ ಗುರ್ದಾ ಅಂತಾನ. "ಗುರ್ದಾದಾಗ ನೀರಿನ ಗುಳ್ಳಿ? ಆಡು ಕೊಯ್ದಾಗ ನಾ ಎಷ್ಟೋ ಸಲ ನೋಡೀನಿ ಬೇಟಿ. ಹನುಮಣ್ಣ ಕುಂತು ಒಂದು ಮಾತು ಕೇಳಿದ್ದರ..." ಅಂದ. ಕಣ್ಣೊರಸಿಕೊಂಡು, "ನನ್ನ ಬಾಯಿದೂ ತಪ್ಪಿತ್ತು ಬಿಡು. ಆ ಹಿರೇಕೊಟ್ನೆಕಲ್ ನಾಯಿ ಬದುಕ್ತೇನು?" ಅಂತ ಕೇಳಿದ.

"ಬದುಕ್ತು ಕಾಕಾ. ಹೊಲಿಗಿ ಬಿಚ್ಚಿದ ದಿನ ನನ್ನ ಕೈಯಾಗಿನ ರೊಟ್ಟಿ ಕಸಗೊಂಡು ತಿಂತು" ಅಂದೆ. ಅವ ನಕ್ಕ.

ಬರೋ ಐತವಾರ ಅವನ ಮೊಮ್ಮಗಳದು ಲಗ್ನ ಅದ. "ನಿಮ್ಮ ಮನಿಯವರು ಬರದ ನಾ ಊಟಕ್ಕ ಕೂಡಂಗಿಲ್ಲ" ಅಂದಾನ. ಅವ್ವನ್ನ ಕರಕೊಂಡು ಹೊಂಟೀನಿ. ಹುಡುಗಿಗೆ ಒಂದು ಹಸರು ಸೀರಿ ತಗೊಂಡೀನಿ ಯಪ್ಪಾ. ಆಯೇರಿ, ಉಡುಗೊರಿ ಕೊಡೋವಾಗ ಯಾರದಂತ ಹೆಸರು ಕೂಗ್ತಾರಲ್ಲ, ನಂದು ಹೇಳಂಗಿಲ್ಲ. ಗ್ಯಾಂಗಿನ ಹನುಮಣ್ಣಂದು ಅಂತ ಕೂಗಸ್ತೀನಿ.

ನಿನ್ನ
ದುರುಗಿ